ರಂಗಣ್ಣನ ನಂಬರಿನಿಂದ ಬಂದ ಲಗ್ನಪತ್ರಿಕೆ

ಸುಧಾ, ನಿನ್ನ ತಂದೆಯ ತಿಥಿಯ ದಿನ ಅವರ ಫೋನಿನಿಂದ ಎಲ್ಲರಿಗೂ ಹೋದ ಸಂದೇಶಕ್ಕೆ ಕಾರಣ ನಾನು. ಅದು ಅಂದೇ ನನಗೆ ಗೊತ್ತಿತ್ತು. ಮೂರು ವರ್ಷ ಹೇಳಲಿಲ್ಲ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ—ನನಗೆ ಬರುವುದು ಅಷ್ಟೇ. ಕೆ.ಆರ್. ನಗರದ ವರದಿಗಾರನಾಗಿ, ಮೊಬೈಲಿಗೆ ಆಂಟಿವೈರಸ್ ಬೇಕೇ ಎಂಬ ಓದುಗರ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರಿಸಿದ್ದೆ: ಬೇಡ, ಗುರುತಿಲ್ಲದ ಫೈಲ್ ಹಾಕಿಕೊಳ್ಳದಿದ್ದರೆ ಸಾಕು. ಕೆಲವೇ ದಿನಗಳಲ್ಲಿ, ವಾಟ್ಸಾಪಿಗೆ ಲಗ್ನಪತ್ರಿಕೆಯೆಂದು ಬಂದ ಫೈಲನ್ನು ನಾನೇ ಒತ್ತಿದೆ. ಫೋನು ಕೇಳಿದ ಅನುಮತಿಗಳಿಗೆಲ್ಲ ಹೂಂ ಎಂದೆ. ಪತ್ರಿಕೆ ತೆರೆಯಲಿಲ್ಲ, ನನ್ನ ನಂಬರಿನಿಂದ ಎಲ್ಲರಿಗೂ ಹೋಯಿತು. ನಿಮ್ಮೂರು ಮಿರ್ಲೆಯ ಸುದ್ದಿ ನನಗೆ ತಿಳಿಸುತ್ತಿದ್ದ ನಿನ್ನ ತಂದೆ ರಂಗಣ್ಣನಿಗೂ.

"ಸಾರ್, ನಿಮ್ ಲಗ್ನಪತ್ರಿಕೆ ಎಷ್ಟು ಒತ್ತುದ್ರೂ ಬಿಚ್ಕತಾ ಇಲ್ವಲ್ಲ," ಎಂದು ರಂಗಣ್ಣ ಫೋನ್ ಮಾಡಿದರು. ಹೋಗಲಿ ಬಿಡಿ ಎಂದೆ. ಅಳಿಸಿಹಾಕಿ ಎನ್ನಲಿಲ್ಲ—ನಾಚಿಕೆ. ಆ ವಾರವೇ ಎದೆನೋವು ಬಂದು ಅವರು ತೀರಿಕೊಂಡರು.

ಹನ್ನೊಂದನೇ ದಿನ ಫೋಟೋದ ಮುಂದಿನ ಎಡೆಯಲ್ಲಿ ಅವರಿಗೆ ಇಷ್ಟವಾದುದೆಲ್ಲ ಇತ್ತು. ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಜೊತೆಗೆ ಅಂದೇ ಚಾರ್ಜ್ ಮಾಡಿ ಆನ್ ಮಾಡಿಟ್ಟ ಅವರ ಫೋನು. ನಾವು ಊಟಕ್ಕೆ ಕೂತಿದ್ದೆವು. ಯಾರೂ ಮುಟ್ಟದ ಆ ಫೋನಿನ ಪರದೆ ಬೆಳಗಿತು. ಸಾಲಿನ ಆ ತುದಿಯಿಂದ ಜೇಬುಗಳು ಗುಂಯ್‌ಗುಟ್ಟುತ್ತ ಬಂದವು—ಒಬ್ಬರಾದ ಮೇಲೆ ಒಬ್ಬರದು, ಕೊನೆಗೆ ನನ್ನದು. ರಂಗಣ್ಣನ ಹೆಸರು, ಕೆಳಗೆ ಅದೇ ಲಗ್ನಪತ್ರಿಕೆಯ ಫೈಲು, ಅದರಡಿ ಒಂದೇ ಸಾಲು: "ಕುಟುಂಬ ಸಮೇತ ತಪ್ಪದೆ ಬನ್ನಿ."

"ಏನ್ಲಾ ರಂಗ, ಅಲ್ಲೂ ಸಿಗ್ನಲ್ ಸಿಕ್ತಾ?" ಎಂದರು ಅವರ ಹಳೆಯ ಗೆಳೆಯ. ಯಾರೂ ನಗಲಿಲ್ಲ. ನಿನ್ನ ಅವ್ವ ಆ ಫೋನನ್ನು ಎತ್ತಿ ಕಣ್ಣಿಗೊತ್ತಿಕೊಂಡರು.

ಮಾರನೆಯ ದಿನದಿಂದ ಅವರು ಬಿ.ಪಿ. ಮಾತ್ರೆ ಬಿಟ್ಟರು. ಗಂಡ ಕರೆದಿರುವಾಗ ಮಾತ್ರೆ ಯಾಕೆ ಎಂದರಂತೆ. ಮತ್ತೆ ನಾನು ಬಂದಾಗ ನೀನು ನನ್ನನ್ನು ಹಿತ್ತಲಿಗೆ ಕರೆದೆ.

"ಅಣ್ಣ, ನೀವು ಪೇಪರ್‌ನೋರು. ಅದು ವೈರಸ್ಸು ಅಂತ ಒಂದ್ ಮಾತು ಏಳಿ. ನೀವ್ ಏಳುದ್ರೆ ನಂಬುತ್ತೆ ನಮ್ಮವ್ವ."

ನನಗೆ ಮೊದಲೇ ಬಂದಿದ್ದ ಆ ಫೈಲ್, ಅದೇ ಸಾಲಿನ ಸಮೇತ, ನನ್ನ ಫೋನಿನಲ್ಲಿ ಇನ್ನೂ ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಿದ್ದರೆ—ಬುದ್ಧಿ ಹೇಳಿದವನೇ ಬಿದ್ದ ಎಂದು ತಾಲ್ಲೂಕೆಲ್ಲ ನಗುತ್ತಿತ್ತು.

"ಫೋನಿಗೆ ವೈರಸ್ ಗಿರಸ್ ಬರಲ್ಲಮ್ಮ. ನಾನೇ ಬರೆದಿದ್ದೀನಲ್ಲ," ಎಂದೆ.

ಅವ್ವ ಬಾಗಿಲಲ್ಲೇ ನಿಂತಿದ್ದರು. "ನೋಡ್ದಾ ಮಗ, ಪೇಪರ್‌ನೋರೇ ಏಳುದ್ರು," ಎಂದರು. ಎಷ್ಟು ನೆಮ್ಮದಿಯಿತ್ತು ಆ ದನಿಯಲ್ಲಿ…

ಆರು ತಿಂಗಳಲ್ಲಿ ಅವರಿಗೆ ಲಕ್ವ ಹೊಡೆಯಿತು. ಈಗ ಮಾತಿಲ್ಲ, ಕಿವಿ ಕೇಳುತ್ತದೆ. ನಾನು ನೋಡಲು ಬಂದಾಗಲೆಲ್ಲ ಎಡಗೈಯಲ್ಲಿ ಆ ಫೋನನ್ನು ನನ್ನತ್ತ ಎತ್ತುತ್ತಾರೆ, ಸಾಕ್ಷಿ ಕೇಳುವಂತೆ. ಕಪ್ಪು ಪರದೆಯಲ್ಲಿ ನನ್ನ ಮುಖ ಕಾಣುತ್ತದೆ. ನಾನು ತಲೆಯಾಡಿಸುತ್ತೇನೆ. ಹೌದು, ಅವರೇ ಕರೆದದ್ದು ಎಂಬಂತೆ. ಪ್ರತಿ ಸಲವೂ.

ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುವವನು ನಾನು. ಇದನ್ನು ಮಾತ್ರ—

ಭಾನುವಾರ ಬರುತ್ತೇನೆ, ಸುಧಾ. ಅವ್ವನೆದುರು ಕೂತು ಎಲ್ಲ ಹೇಳುತ್ತೇನೆ. ಆದರೆ ಅವರಿಗೆ ಉಳಿದಿರುವುದು ಆ ಕರೆಯೊಂದೇ. ಅದನ್ನೂ ಕಿತ್ತುಕೊಳ್ಳುವುದು ಬೇಡವೆನಿಸಿದರೆ ನನ್ನನ್ನು ಬಾಗಿಲಲ್ಲೇ ತಡೆ. ಯಾವುದು ಸರಿಯೆಂದು ತೀರ್ಮಾನಿಸುವ ಹಕ್ಕು ನನಗಿಲ್ಲ.