ಹಾಡು ಅಕ್ಕನದು, ತಂತಿ ನನ್ನದು

ನಾನು ಚಿಕ್ಕವನಿದ್ದಾಗ ನನಗೆ ಅರ್ಧ ಹಾಡು ಮಾತ್ರ ಬರುತ್ತಿತ್ತು. ಅರ್ಧ ಅಂದರೆ ಮೊದಲಿನ ಅರ್ಧವೂ ಅಲ್ಲ, ಕೊನೆಯ ಅರ್ಧವೂ ಅಲ್ಲ. ಏಕತಾರಿ ಮೀಟುವುದು ನನ್ನ ಪಾಲಿಗೆ, ಹಾಡುವುದು ಅಕ್ಕನ ಪಾಲಿಗೆ. ಏಕತಾರಿ ನೀವು ನೋಡಿದ್ದೀರಿ ಮಕ್ಕಳೇ, ನನ್ನ ಕೋಣೆಯ ಗೂಟಕ್ಕೆ ತೂಗುಬಿದ್ದಿದೆಯಲ್ಲ, ಅದೇ. ಸೋರೆ ಬುರುಡೆ, ಬಿದಿರಿನ ಕೋಲು, ಒಂದು ತಂತಿ. ಒಂದೇ ತಂತಿ, ಏನು ಮಹಾ ಎಂದು ನಗಬೇಡಿ. ಹಿಡಿದವರಿಗೇ ಗೊತ್ತು ಅದರ ಕಷ್ಟ.

ನಮ್ಮೂರು ನೆಲೋಗಿ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಭಜನೆ ಇರುತ್ತಿತ್ತು. ಅಪ್ಪ ತಾಳ ಹಾಕುತ್ತಿದ್ದ. ಪಕ್ಕದ ಮನೆಯ ಚಾಚಾ ದಮ್ಮಡಿಯನ್ನು ಒಲೆಯ ಶಾಖಕ್ಕೆ ಹಿಡಿದು, ಚರ್ಮ ಬಿಗಿಯಾದ ಮೇಲೆ ಬಂದು ಕೂರುತ್ತಿದ್ದರು. ಊದಿನಕಡ್ಡಿ, ಎಣ್ಣೆದೀಪ, ಬೆವರಿದ ಅಂಗಿ, ಎಲ್ಲದರ ವಾಸನೆ ಒಂದಾಗುತ್ತಿತ್ತು. ಭಜನೆಯ ಪದಗಳನ್ನು ಬಂದವರೆಲ್ಲ ಸೇರಿ ಹಾಡುತ್ತಿದ್ದರು. ಕೊನೆಯ ಹಾಡು ಮಾತ್ರ ನಮ್ಮ ಅವ್ವನದು. ಜೋಳ ಬೀಸುವಾಗ ಅವ್ವ ಹೇಳಿಕೊಳ್ಳುತ್ತಿದ್ದ ಹಾಡು ಅದು. ತೆನೆ ತಿನ್ನಲು ಬಂದ ಹಕ್ಕಿಯೊಂದು ಕವಣೆ ಹಿಡಿದ ಹುಡುಗನಿಗೆ ಹಾಡು ಹೇಳುತ್ತದೆ, ಅವನು ಕಲ್ಲು ಬೀಸುವುದನ್ನೇ ಮರೆಯುತ್ತಾನೆ. ಅಷ್ಟೇ ಕತೆ.

ಅವ್ವ ತೀರಿಕೊಂಡ ಮೇಲೆ ಅಪ್ಪನ ಬಾಯಿಂದ ಹಾಡು ಹೊರಡಲಿಲ್ಲ. ಗಂಟಲಿಗೆ ಬರುವುದಿಲ್ಲ ಎನ್ನುತ್ತಿದ್ದ. ಹಾಗಾಗಿ ಅವ್ವನ ಹಾಡು ಅಕ್ಕನಿಗೆ ಬಂತು. ಅಕ್ಕನಿಗೆ ಮಣ್ಣೂರಿನ ಹುಡುಗನ ಜೊತೆ ಮದುವೆಯಾದಾಗ ನನಗೆ ತಲೆನೋವು ಶುರುವಾಯಿತು. ಅಕ್ಕ ಹೋದರೆ ಹಾಡೂ ಮನೆ ಬಿಟ್ಟು ಹೋಗುತ್ತದೆ. ಹಾಡಿನ ಮಾತೆಲ್ಲ ಬರುವವನು ಇನ್ನು ನಾನೊಬ್ಬನೇ. ನಾನೇ ಹಾಡಬೇಕು, ನಾನೇ ಮೀಟಬೇಕು.

ಅದು ನನ್ನಿಂದ ಆಗುತ್ತಿರಲಿಲ್ಲ. ಬಾಯಿ ತೆರೆದರೆ ಕೈ ನಿಲ್ಲುತ್ತಿತ್ತು. ಕೈ ಆಡಿದರೆ ಬಾಯಿ ಕಟ್ಟುತ್ತಿತ್ತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ನನ್ನದು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಇವನದು ರಾಗವಂತೂ ಅಲ್ಲ, ರೋಗವೇ ಇರಬೇಕು ಎಂದು ಚಾಚಾ ಚುಡಾಯಿಸುತ್ತಿದ್ದರು.

ಅಕ್ಕನನ್ನು ಗಂಡನ ಮನೆಗೆ ಬಾಳ್ವೆಗೆ ಕಳಿಸುವ ದಿನ ಸೋಮವಾರವೇ ಬಂತು. ಬೆಳಗ್ಗೆ ನಾನು ಏಳುವ ಮೊದಲೇ ಅಕ್ಕ ಬೀಸುಕಲ್ಲಿನ ಮುಂದೆ ಕುಳಿತಿದ್ದಳು. ಕೈತುಂಬ ಹಸಿರು ಬಳೆ. ಹೊರಟು ನಿಂತವಳು ಕಲ್ಲಿನ ಮುಂದೆ ಕೂರುವುದೇ ಎಂದು ಓಣಿಯ ಹೆಂಗಸರು ಬೈದರೂ ಅವಳು ಏಳಲಿಲ್ಲ. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು, ಕಲ್ಲು ತಿರುಗಿಸುವ ಗೂಟ ಹಿಡಿಸಿದಳು.

“ಬೀಸೂ ಮುಂದ ನಾ ಕೈ ಕಡೆ ನೋಡ್ತೇನೇನು ತಮ್ಮಾ? ಕೈ ತನ್ನ ಕೆಲಸ ತಾ ಮಾಡ್ತದ. ನೀ ಹಾಡಿನ ಕಡೆ ಇರು,” ಅಂದಳು.

ಇಬ್ಬರೂ ಸೇರಿ ಬೀಸಿದೆವು. ಒಂದೊಂದೇ ಹಿಡಿ ಜೋಳ ಕಲ್ಲಿನ ಬಾಯಿಗೆ ಬೀಳುತ್ತಿತ್ತು. ಬೆಚ್ಚಗಿನ ಹಿಟ್ಟು ಸುತ್ತಲೂ ಉದುರುತ್ತಿತ್ತು. ನಾನು ಹಾಡಿದೆ, ಕಲ್ಲು ತಿರುಗಿತು. ಒಂದು ಸಲವೂ ನಿಲ್ಲಲಿಲ್ಲ. ನನಗೆ ಬಂತು ಎಂದು ಹಿಗ್ಗಿದೆ. ಆಮೇಲೆ ನೋಡಿದರೆ ಗೂಟದ ಮೇಲೆ ಅಕ್ಕನ ಕೈಯೂ ಇತ್ತು. ತಿರುಗಿಸುತ್ತಿದ್ದವಳು ಅವಳೇ. ಏಕತಾರಿ ತಂದು ಮೀಟಿ ಹಾಡಿದೆ. ಮತ್ತೆ ಅದೇ ಕತೆ, ಕೈ ನಿಂತಿತು.

ಅಕ್ಕ ಬೈಯಲಿಲ್ಲ. ನನ್ನ ತಲೆಗೂದಲಲ್ಲಿ ಸಿಕ್ಕಿದ್ದ ಹಿಟ್ಟು ಒರೆಸಿದಳು.

“ನಾ ಹೋದ ಮ್ಯಾಲ ಅವ್ವನ ಹಾಡ ನಿಲ್ಲಬಾರದಪಾ,” ಅಂದಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಓಣಿಯ ಹೆಂಗಸರು ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಅಕ್ಕನ ಉಡಿ ತುಂಬಿದರು. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿದರು. ಜೇವರ್ಗಿಗೆ ಹೋಗುವ ಬಸ್ಸು ಬಂತು, ಮಣ್ಣೂರಿಗೆ ಅಲ್ಲಿಂದ ಮುಂದೆ ಹೋಗಬೇಕು. ಅಕ್ಕ ಅತ್ತಳು, ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ, ಚಾಚಾ ಕೂಡ ಮೂಗು ಒರೆಸಿಕೊಂಡರು. ನಾನು ಅಳಲಿಲ್ಲ. ಬಸ್ಸಿನ ಹಿಂದಿನ ಗಾಲಿಗೆ ಅಂಟಿದ್ದ ಕರಿಮಣ್ಣನ್ನು ನೋಡುತ್ತ ನಿಂತಿದ್ದೆ. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಎದೆಗೆ ಹಾಗೆ ಆಗಿತ್ತು. ಇವನು ಕಲ್ಲು ನೋಡ್ರೀ ಎಂದು ಯಾರೋ ಅಂದರು. ಇರಬಹುದು ಎಂದುಕೊಂಡೆ.

ಮನೆಗೆ ಬಂದು ಉಂಡೆ. ರುಚಿ ನೆನಪಿಲ್ಲ. ಕಲ್ಲಿನ ಸುತ್ತ ಬೆಳಗಿನ ಹಿಟ್ಟು ಹಾಗೇ ಬಿದ್ದಿತ್ತು. ಅದರ ಮೇಲೆ ಒಂದು ಗುಬ್ಬಿ ನಡೆದಾಡಿ ಹೆಜ್ಜೆ ಮೂಡಿಸಿತ್ತು. ಅದನ್ನೇ ನೋಡುತ್ತ ಸಂಜೆಯವರೆಗೆ ಕೂತೆ.

ದೀಪ ಹಚ್ಚುವ ಹೊತ್ತಿಗೆ ಜನ ಬಂದರು. ಇವತ್ತು ಭಜನೆ ಬೇಡ ಎಂದು ಅಪ್ಪ ಹೇಳಬಹುದು ಅಂದುಕೊಂಡಿದ್ದೆ, ಹೇಳಲಿಲ್ಲ. ಪದಗಳೆಲ್ಲ ಮುಗಿದವು. ಅವ್ವನ ಹಾಡಿನ ಹೊತ್ತಾಯಿತು. ಎಲ್ಲರೂ ನೆಲ ನೋಡುತ್ತ ಕೂತರು. ನಾನು ಎಂದಿನ ಹಾಗೆ ತಂತಿ ಮೀಟಿದೆ. ಎಂದಿನ ಹಾಗೆಯೇ ಅಕ್ಕ ಹಾಡು ಎತ್ತಿಕೊಳ್ಳಲಿ ಎಂದು ಕಾದೆ. ಅವಳು ಕೂರುವ ಜಾಗದಲ್ಲಿ ಗೋಡೆ ಮಾತ್ರ ಇತ್ತು. ಮತ್ತೆ ಮೀಟಿದೆ, ಮತ್ತೆ ಕಾದೆ. ಕಿವಿಯಲ್ಲಿ ಅಕ್ಕನ ದನಿ ಕೇಳುತ್ತಿತ್ತು, ಪಡಸಾಲೆಯಲ್ಲಿ ಕೇಳುತ್ತಿರಲಿಲ್ಲ. ಯಾವಾಗ ಬಾಯಿ ತೆರೆದೆನೋ ನನಗೆ ಗೊತ್ತಿಲ್ಲ. ಹಕ್ಕಿ ಬಂತು, ಹಾಡು ಹೇಳಿತು, ಹುಡುಗ ಕವಣೆ ಕೆಳಗಿಟ್ಟ. ಹಾಡು ಮುಗಿಯಿತು. ಬೆರಳು ಇನ್ನೂ ಮೀಟುತ್ತಲೇ ಇತ್ತು.

ಅಪ್ಪನ ತಾಳ ನಡುವೆಯೇ ಎಲ್ಲೋ ನಿಂತುಹೋಗಿತ್ತು.

“ಎರಡೂ ಬಂತಲ್ಲೋ ನಿನಗ,” ಅಂದ.

ಚಾಚಾ ನನ್ನ ಬೆನ್ನು ತಟ್ಟಿದರು. ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ಏಕತಾರಿಯನ್ನು ಗೂಟಕ್ಕೆ ತೂಗುಹಾಕಿ ಮಲಗಿದೆ.

ಪಂಚಮಿಗೆ ಅಕ್ಕ ತವರಿಗೆ ಬಂದಳು. ನಾನು ಎರಡೂ ಕಲಿತೆನೆಂದು ಅಪ್ಪ ಹೇಳಿದ್ದೇ ತಡ, ಹಾಡು ನೋಡೋಣ ಎಂದು ಎದುರಿಗೆ ಕೂತಳು. ಬಾಯಿ ತೆರೆದೆ, ಕೈ ನಿಂತಿತು! ಮತ್ತೊಮ್ಮೆ ಹಾಡಿದೆ, ಮತ್ತೆ ನಿಂತಿತು. ಅಕ್ಕ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವಳೇ ಹಾಡಿದಳು, ನಾನು ಮೀಟಿದೆ. ಅವತ್ತು ಮಾತ್ರ ಅಳು ಬಂತು, ಯಾಕೆಂದು ಯಾರೂ ಕೇಳಲಿಲ್ಲ. ಮುಂದೆ ನಾವಿಬ್ಬರೂ ಮುದುಕರಾದರೂ ಅದು ಬದಲಾಗಲಿಲ್ಲ. ಅಕ್ಕ ಎದುರಿಗಿದ್ದರೆ ನನಗೆ ಅರ್ಧವೇ ಬರುತ್ತಿತ್ತು.

ಹೋದ ವರ್ಷ ಅಕ್ಕ ತೀರಿಕೊಂಡಾಗ ನೀವೂ ಮಣ್ಣೂರಿಗೆ ಬಂದಿದ್ದಿರಿ. ಅಜ್ಜ ಅಳಲೇ ಇಲ್ಲ ಎಂದು ನೀವಿಬ್ಬರು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಜೋಮು ಹಿಡಿದಿತ್ತು ಮಕ್ಕಳೇ, ಅಷ್ಟೇ. ಅವತ್ತಿನಿಂದ ನನಗೆ ಎರಡೂ ತಪ್ಪದೆ ಬರುತ್ತವೆ.

ನಿಮ್ಮ ಕಾಲ ಬೇರೆ. ನಿಮ್ಮ ಮನೆಗೆ ಹಿಟ್ಟು ಚೀಲದಲ್ಲಿ ಬರುತ್ತದೆ. ದೂರ ಹೋದವರ ಮುಖ ಫೋನಿನಲ್ಲಿ ಕಾಣುತ್ತದೆ. ಶ್ರುತಿ ಬೇಕೆಂದರೆ ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ನಿಲ್ಲಿಸುವ ತನಕ ಅದೇ ಗುಂಯ್‌ಗುಡುತ್ತದೆ. ಒಳ್ಳೆಯದೇ, ನನಗೇನೂ ತಕರಾರಿಲ್ಲ. ಆದರೆ ಮೊನ್ನೆ ಕೀಬೋರ್ಡಿನ ಮುಂದೆ ಅಣ್ಣ ತಂಗಿ ಜಗಳವಾಡಿದಿರಿ ನೋಡಿ. ನಾನೊಬ್ಬನೇ ನುಡಿಸಿ ಹಾಡುತ್ತೇನೆ ಎಂದು ಅವನು, ನನಗೂ ಎರಡೂ ಬರುತ್ತದೆ, ನೀನು ಬೇಡ ಎಂದು ಅವಳು. ಅದಕ್ಕೇ ಇಷ್ಟೆಲ್ಲ ಹೇಳಿದೆ. ಕಲಿಯಿರಿ, ಬೇಡವೆನ್ನುವುದಿಲ್ಲ. ಅವಸರ ಮಾತ್ರ ಬೇಡ. ಎರಡನ್ನೂ ಒಬ್ಬರೇ ಮಾಡುವ ದಿನ ಕರೆಯದೆಯೇ ಬರುತ್ತದೆ. ಅಲ್ಲಿಯ ತನಕ ಒಬ್ಬರು ಹಾಡಿರಿ, ಒಬ್ಬರು ನುಡಿಸಿರಿ. ನಾನು ತಾಳ ಹಾಕುತ್ತೇನೆ.