ದೋಣಿಯಲ್ಲಿ ಕೂತ ಎರಡು ಮತಗಳು

ಕೊಲ್ಲಿ ದೇಶದ ಅಲ್ ಖೋರ್‌ನಿಂದ ಪ್ಲಾಂಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ನಾನೂ ನನ್ನ ಗೆಳೆಯನೂ ವರ್ಷಗಳಿಂದ ಒಂದೇ ಸೀಟಿನವರು. ಊರಿನಲ್ಲೂ ನಮ್ಮದು ಒಂದೇ ವಾರ್ಡು, ಒಂದೇ ಮತಗಟ್ಟೆ. ಅವನ ಮನೆಯಲ್ಲಿ ಕೊಂಕಣಿ, ನನ್ನ ಮನೆಯಲ್ಲಿ ತುಳು; ಕನ್ನಡ ಇರುವುದು ನಾವಿಬ್ಬರೂ ಜಗಳವಾಡಲಿಕ್ಕೆ. ಜಗಳ ಎಂದರೆ ರಾಜಕೀಯ. ಅವನದೊಂದು ಪಕ್ಷ, ನನ್ನದು ಅದಕ್ಕೆ ಎದುರಿನದು. ಚುನಾವಣೆ ಹತ್ತಿರ ಬಂತೆಂದರೆ ಅವನು ಕಿಟಕಿಯ ಕಡೆ ತಿರುಗಿ ಕೂರುತ್ತಾನೆ. ನಾನು ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಯೋಚಿಸುತ್ತ ಕೂರುತ್ತೇನೆ.

ನಮ್ಮ ಹಿಂದಿನ ಸೀಟಿನಲ್ಲಿ ನಮ್ಮದೇ ವಿಭಾಗದ ಒಬ್ಬರು ಅಮೆರಿಕದವರು, ನಿವೃತ್ತಿಗೆ ಹತ್ತಿರವಾದವರು. ಜೋಳದ ಹೊಲಗಳ ನಡುವಿನ ಪುಟ್ಟ ಊರು ಅವರದು. ಒಂದು ದಿನ ನಮ್ಮ ಮುನಿಸು ನೋಡಿ ಆ ಊರಿನ ಕಥೆ ತೆಗೆದರು. ರೈಲು ಹಳಿಯ ಆಚೆಯವರು ಒಂದು ಪಕ್ಷ, ಈಚೆಯವರು ಇನ್ನೊಂದು. ಅಜ್ಜ ಹಾಕಿದ ಕಡೆಗೇ ಮೊಮ್ಮಗನೂ. ಊರಿನ ಕಾರ್ಖಾನೆ ಮುಚ್ಚಿದ ಮೇಲೆ ಹಳಿಯ ಎರಡೂ ಕಡೆಯವರು ಒಟ್ಟಾಗಿ ಒಂದೇ ಕಡೆ ವಾಲಿದರಂತೆ. ತಮ್ಮ ಹಳೆಯ ಪಕ್ಷಕ್ಕೆ ಅಂಟಿಕೊಂಡು ಉಳಿದದ್ದು ಇವರದೂ ಸೇರಿ ನಾಲ್ಕಾರು ಮನೆ. ಯಾರು ಯಾವ ಕಡೆ ಎಂದು ತಿಳಿಯಲು ಅಂಗಳದಲ್ಲಿ ನೆಟ್ಟ ಫಲಕ ನೋಡಿದರಾಯಿತು. ನಮ್ಮ ವಾರ್ಡಿನಲ್ಲಿ ಫಲಕವೂ ಬೇಡ, ಬೆಳಗಿನ ಚಹಾ ಯಾವ ಹೋಟೆಲಿನಲ್ಲಿ ಎಂದು ನೋಡಿದರೆ ಸಾಕು.

ಅವರ ಪಕ್ಕದ ಮನೆಯ ಔಷಧದಂಗಡಿಯವನು ಎದುರು ಪಕ್ಷದವನು. ಇವರ ಮತವನ್ನು ಅವನು ಹೋಗಿ ಅಳಿಸುವುದು, ಅವನದನ್ನು ಇವರು. ಇಬ್ಬರೂ ಚಳಿಯಲ್ಲಿ ಸಾಲು ನಿಲ್ಲುವುದೇಕೆ ಎಂದು ಒಂದು ವರ್ಷ ಮತದಾನದ ದಿನ ಮೀನು ಹಿಡಿಯಲು ಹೋದರಂತೆ. ಒಂದೇ ದೋಣಿಯಲ್ಲಿ, ಒಬ್ಬನೂ ಕದ್ದು ದಡಕ್ಕೆ ಓಡದ ಹಾಗೆ. ಆಮೇಲೆ ಅದೇ ಪದ್ಧತಿಯಾಯಿತು.

ಗೆಳೆಯ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ. "ಇದು ಒಳ್ಳೇದುಂಟಲ್ಲ ಮಾರಾಯ! ನಮಗೆ ವೋಟು ಹಾಕ್ಲಿಕ್ಕೆ ಊರಿಗೇ ಹೋಗ್ಬೇಕು. ನೀನೂ ಹೋಗ್ಬೇಡ, ನಾನೂ ಹೋಗುದಿಲ್ಲ. ಖಲಾಸ್."

ಕೈ ಕುಲುಕಿದೆವು. ಹಿಂದಿನ ಸೀಟೇ ಸಾಕ್ಷಿ. ಆ ಚುನಾವಣೆಯ ಕಾಲದಲ್ಲಿ ಮೊದಲ ಸಲ ನನಗೆ ಬಸ್ಸಿನಲ್ಲಿ ನಿದ್ದೆ ಬಂತು.

ಮತದಾನಕ್ಕೆ ಕೆಲವೇ ವಾರ ಇರುವಾಗ ಅವನು ಕತ್ತು ಕೆರೆದುಕೊಂಡ. "ತಂಗಿಯ ಮನೆ ಒಕ್ಕಲು ಮಾರಾಯ. ವೋಟಿನ ಹಿಂದಿನ ದಿನ."

"ಹಿಂದಿನ ದಿನವಾ? ಆ ಭಟ್ರಿಗೆ ಬೇರೆ ಮುಹೂರ್ತವೇ ಸಿಗ್ಲಿಲ್ವಾ?"

"ಭಟ್ರು ನಿನ್ನ ಪಾರ್ಟಿಯವ್ರೇ. ನೀನೇ ಫೋನು ಮಾಡಿ ಕೇಳು."

ಹೋದ. ನನ್ನ ಅಭ್ಯರ್ಥಿ ಒಂದು ಮತದಿಂದ ಸೋಲುತ್ತಾನೆ ಎಂಬ ಭಯ ನನಗಿರಲಿಲ್ಲ; ಅಷ್ಟು ಮಹತ್ವದವನು ನಾನಲ್ಲ ಎಂಬುದು ನನ್ನ ಹೆಂಡತಿ ಆಗಾಗ ನೆನಪಿಸುವ ಸಂಗತಿ. ("ನಿಮ್ಮ ಒಂದು ವೋಟಿಗೆ ದೇಶ ಕಾಯ್ತಾ ಉಂಟಾ?") ಭಯ ಇದ್ದದ್ದು ಸೀಟಿನದು. ಕೈ ಕುಲುಕಿ ಮಾತು ತಪ್ಪಿದವನ ಪಕ್ಕ ದಿನಾ ಹೇಗೆ ಕೂರುವುದು? ಕೂರದಿದ್ದರೆ ಎಲ್ಲಿ ಕೂರುವುದು? ಅವನು ಕಳಿಸಿದ ಮನೆ ಒಕ್ಕಲಿನ ಫೋಟೋಗಳನ್ನೆಲ್ಲ ಹಿಗ್ಗಿಸಿ ಅವನ ಎಡಗೈಯಲ್ಲಿ ವೋಟಿನ ಶಾಯಿ ಹುಡುಕಿದೆ. ಎಲ್ಲವೂ ಮತದಾನದ ಹಿಂದಿನ ದಿನದ ಫೋಟೋಗಳು ಎಂಬುದು ಆಮೇಲೆ ಹೊಳೆಯಿತು. ಮತದಾನದ ದಿನ ಖಾಲಿ ಸೀಟಿನ ಮೇಲೆ ನನ್ನ ಊಟದ ಚೀಲ ಇಟ್ಟೆ, ಬೇರೆ ಯಾರೂ ಕೂರದಿರಲಿ ಎಂದು. ಸಿಟ್ಟಿನಲ್ಲೂ ಸೀಟು ಹಿಡಿದಿಟ್ಟದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ರಜೆ ಮುಗಿಸಿ ಬಂದವನು ಚೀಲ ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂತ. ಎಡಗೈ ತೋರುಬೆರಳಿನ ಉಗುರಿನ ಮೇಲೆ ಕಪ್ಪು ಗೆರೆ.

"ಎಂತ ಇದು?"

"ಅಮ್ಮ ರಿಕ್ಷಾ ತರಿಸಿ ಕೂರಿಸಿದ್ರು. ವಾರ್ಡಿಡೀ ಸಾಲಲ್ಲಿ ನಿಂತಿತ್ತು. ಇಲ್ಲ ಹೇಳ್ಲಿಕ್ಕೆ ಆಗುತ್ತಾ? ಆದ್ರೆ ನಿನ್ನಾಣೆ, ಒಳಗೆ ಹೋಗಿ ನೋಟಾ ಒತ್ತಿದೆ. ಯಾರಿಗೂ ಇಲ್ಲ."

"ನೋಡಿದವರು ಯಾರು?"

"ನೋಡ್ಲಿಕ್ಕೆ ಬಿಡ್ತಾರಾ ಮಾರಾಯ? ಅದು ಗುಪ್ತ ಮತದಾನ."

ನಾನು ಊಟದ ಚೀಲ ಎತ್ತಿ ನಮ್ಮಿಬ್ಬರ ನಡುವೆ ಇಟ್ಟೆ. ಪ್ಲಾಂಟಿನಲ್ಲಿ ಚಹಾ ಸಮಯಕ್ಕೆ ಅಮೆರಿಕದವರ ಮುಂದೆ ದೂರು ಒಪ್ಪಿಸಿದೆ. ಒಪ್ಪಂದದ ಮೂಲಪುರುಷರು ಅವರೇ ತಾನೇ. ಅವರು ಪೇಪರ್ ಕಪ್ ತಿರುಗಿಸುತ್ತ ನಕ್ಕರು. ಎರಡನೆಯ ಚುನಾವಣೆಯಂದೇ ಔಷಧದಂಗಡಿಯವನು ಹೊಟ್ಟೆ ಸರಿಯಿಲ್ಲ ಎಂದು ದೋಣಿ ದಡಕ್ಕೆ ತಿರುಗಿಸಲು ಹೇಳಿ ಇಳಿದುಹೋದನಂತೆ. ಬಂದದ್ದು ಒಂದು ಗಂಟೆಯ ಮೇಲೆ.

"ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲವೇ?"

"ಕೇಳಿಬಿಟ್ಟಿದ್ದರೆ ಮುಂದಿನ ಸಲ ಮೀನು ಹಿಡಿಯಲು ಯಾರ ಜೊತೆ ಹೋಗಲಿ?"

ಸಂಜೆ ಬಸ್ಸು ಹತ್ತಿದಾಗ ಗೆಳೆಯ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟು ಈಚೆ ಕೂತಿದ್ದ. ಇಷ್ಟು ವರ್ಷಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಅದು ತಪ್ಪಿನ ಲಕ್ಷಣವೋ ಪ್ರೀತಿಯದೋ ಎಂದು ಯೋಚಿಸಲು ಸುರುಮಾಡಿ ಅರ್ಧಕ್ಕೆ ನಿಲ್ಲಿಸಿದೆ. ನನಗೆ ಅದು ಸಣ್ಣ ಸಾಧನೆಯಲ್ಲ.

"ಹಪ್ಪಳ ತಂದಿದ್ದೇನೆ, ನಿನ್ನ ಅಮ್ಮ ಕೊಟ್ಟದ್ದು," ಅಂದ.

"ಅಮ್ಮ ವೋಟು ಹಾಕಿದ್ರಾ?"

"ನನ್ನ ಮುಂದೆಯೇ ನಿಂತಿದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ."

ಅವನ ಕಣ್ಣು ಮುಚ್ಚಿಕೊಂಡಿತು, ತಲೆ ನನ್ನ ಭುಜಕ್ಕೆ ವಾಲಿತು. ಎಸಿ ನೇರ ಅವನ ಕತ್ತಿಗೆ ಬೀಸುತ್ತಿತ್ತು. ಶೀತವಾದರೆ ನಾಳೆ ರಜೆ ಹಾಕುತ್ತಾನಲ್ಲ ಎಂಬ ಹೊಸ ಚಿಂತೆಯಲ್ಲಿ, ಕೈ ಚಾಚಿ ಗಾಳಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.