ಗ್ಲ್ಯಾಡಿಸ್ ಸಾಕಿದ ಕ್ಯಾನ್ಸರ್

ಶಿರ್ವದ ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಬರುವಾಗ ಯಾರಾದರೂ ಕೆಲಸದ ಬಗ್ಗೆ ಕೇಳಿದರೆ ಗ್ಲ್ಯಾಡಿಸ್, "ಮಣಿಪಾಲದಲ್ಲಿ ಕ್ಯಾನ್ಸರ್ ಕೊಲ್ಲುವ ಕೆಲಸ" ಎನ್ನುತ್ತಿದ್ದಳು. ಅವಳ ಕೆಲಸ ಅದಕ್ಕೆ ತೀರಾ ವಿರುದ್ಧವಾದದ್ದು. ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳು ಸಾಯದಂತೆ ನೋಡಿಕೊಳ್ಳುವುದಕ್ಕೇ ಅವಳಿಗೆ ಸಂಬಳ. ಚಪ್ಪಟೆ ಬಾಟ್ಲಿಗಳಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಅವನ್ನು ಸಾಕುತ್ತಿದ್ದಳು. ಭಾನುವಾರವೂ ಬಸ್ಸು ಹಿಡಿದು ಹೋಗಿ ಉಣಿಸಿ ಬರುತ್ತಿದ್ದಳು. ಗಂಡನ ಊಟದ ಬಗ್ಗೆ ಅವಳು ಅಷ್ಟು ತಲೆ ಕೆಡಿಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಹೀಗೆ ಕೊಬ್ಬಿದ ಕೋಶಗಳನ್ನು ಕೊಲ್ಲುವ ಹಕ್ಕು ಪ್ರಯೋಗಾಲಯದ ಮುಖ್ಯಸ್ಥೆ ಮೋಹಿನಿ ಮೇಡಮ್ಮಿಗೆ ಮೀಸಲು.

ಮೇಡಂ ಹಿಡಿದಿದ್ದ ದಾರಿ ಆ ಕಾಲಕ್ಕೆ ಹೊಸದೆನಿಸಿತ್ತು. ಕೋಶದೊಳಗಿನ ಮೈಟೋಕಾಂಡ್ರಿಯಾಗಳು ಅದಕ್ಕೆ ಶಕ್ತಿ ಒದಗಿಸುತ್ತವೆ. ಕೋಶ ದುರಸ್ತಿಯಾಗದಷ್ಟು ಕೆಟ್ಟಾಗ, ಇನ್ನು ಸಾಯಿ ಎಂದು ಅಪ್ಪಣೆ ಕೊಡುವುದೂ ಅವೇ. ಕ್ಯಾನ್ಸರ್ ಕೋಶ ಆ ಅಪ್ಪಣೆ ಹೊರಡದಂತೆ ಬಾಗಿಲು ಹಾಕಿಕೊಂಡು ಕುಳಿತಿರುತ್ತದೆ. ಆ ಬಾಗಿಲನ್ನು ತೆರೆಸುವ ಸಾರವೊಂದು ಯಾವುದೋ ಬೇರಿನಲ್ಲಿದೆ ಎಂದು ಮೇಡಂ ನಂಬಿದ್ದರು.

ಗ್ಲ್ಯಾಡಿಸ್ ಇದನ್ನು ಅಕ್ಕ ಸೆಲೀನಳ ಮನೆಯ ಊಟವೊಂದರಲ್ಲಿ, ಹಂದಿಮಾಂಸ ಬಡಿಸುತ್ತಾ, ನೆಂಟರಿಗೆಲ್ಲ ವಿವರಿಸಿದ್ದಳು. "ನಮ್ಮ ಮದ್ದು ಆಸ್ಪತ್ರೆಯ ವಿಷದ ಹಾಗಲ್ಲ. ಸಾಯಿ ಅಂತ ಹೇಳುತ್ತದೆ, ಅಷ್ಟೇ. ಎರಡು ದಿನದಲ್ಲಿ ಬಾಟ್ಲಿಯ ಕ್ಯಾನ್ಸರ್ ಖಾಲಿ." ಎಲ್ಲರೂ ತಲೆದೂಗಿದರು. ಮೇಡಂ ಒಂದು ಸಲವೂ ಇಷ್ಟು ಧೈರ್ಯದಿಂದ ಮಾತಾಡಿದವರಲ್ಲ.

೨೦೦೩ರ ಮಳೆಗಾಲದಲ್ಲಿ ಸೆಲೀನಳ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಕೀಮೋ ಬೇಕೇ ಬೇಕು, ತಡ ಮಾಡಿದರೆ ಮತ್ತೆ ಬರಬಹುದು ಎಂದರು ಡಾಕ್ಟರು. ಸೆಲೀನ್ ಒಪ್ಪಲಿಲ್ಲ.

"ನನಗೆಂತಕ್ಕೆ ಆ ವಿಷ? ನಿನ್ನ ಮದ್ದು ಒಂದು ಬಾಟ್ಲಿ ತಾ."

"ಅದು ಮನುಷ್ಯರಿಗಲ್ಲ ಅಕ್ಕ, ಬಾಟ್ಲಿಯೊಳಗಿನ ಕೋಶಕ್ಕೆ."

"ಕ್ಯಾನ್ಸರ್ ಅದೇ ಅಲ್ವಾ? ಊಟದ ದಿನ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ..."

"ಹಾಗಾದರೆ ತಾ."

ಕುವೈತಿನಿಂದ ಮರಳಿ ಮನೆಯಲ್ಲೇ ಇದ್ದ ಲಿಯೋನೆಲ್ ಭಾವ ಕುರ್ಚಿಯಿಂದಲೇ ಸೇರಿಸಿದ: "ಮದ್ದು ಒಳಗಿನವರಿಗೆ ಮಾತ್ರ ಇರಬೇಕು. ದೊಡ್ಡ ಜಾಗಗಳೆಲ್ಲ ಹಾಗೆಯೇ ಮಾರಾಯ್ತಿ."

ಡಾಕ್ಟರು ಕೊಟ್ಟ ದಿನ ಕಳೆಯಿತು. ಇನ್ನೊಂದು ದಿನ ಕೊಟ್ಟರು, ಅದೂ ಕಳೆಯಿತು. ಗ್ಲ್ಯಾಡಿಸ್ ಬೇಡಿದಳು, ಬೈದಳು, ಪಾದ್ರಿಗಳಿಂದಲೂ ಹೇಳಿಸಿದಳು. ತಂಗಿಯ ಮಾತಿನ ಮೇಲೆ ಸೆಲೀನಳಿಗಿದ್ದ ವಿಶ್ವಾಸವನ್ನು ಅಲುಗಿಸಲು ಸ್ವತಃ ತಂಗಿಗೂ ಆಗಲಿಲ್ಲ.

ಅಷ್ಟರಲ್ಲಿ ಮೊಂತಿ ಫೆಸ್ತ್ ಬಂತು. ಕನ್ಯಾಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಊಟ. ಆ ದಿನ ಸನ್ನ ಇಲ್ಲದೆ ಎಲೆ ಹಾಕುವುದುಂಟೇ? ಅಕ್ಕಿಹಿಟ್ಟಿಗೆ ತೆಂಗಿನ ಶೇಂದಿ ಹಾಕಿ, ಅದು ಉಬ್ಬಿದ ಮೇಲೆ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಬೇಕು. ಹಿಟ್ಟನ್ನು ಕೈಯಿಂದಲೇ ಕಲಸಬೇಕು, ಸೌಟು ಹಾಕಿದರೆ ಉಬ್ಬುವುದಿಲ್ಲ ಎಂಬುದು ಅವಳ ತಾಯಿಯ ಶಾಸನ. ಗ್ಲ್ಯಾಡಿಸ್ ಮೊಣಕೈವರೆಗೆ ಕಲಸಿ, ಕೈ ತೊಳೆದು, ಕೋಶಗಳೂ ಉಪವಾಸ ಇರಬಾರದೆಂದು ಮಣಿಪಾಲಕ್ಕೆ ಓಡಿದಳು. ಅಲ್ಲಿ ಸ್ಪಿರಿಟ್ಟಿನಿಂದ ಕೈ ಒರೆಸಿದಳು, ಕೈಗವಸು ಹಾಕಿದಳು. ಬಳೆಯ ಸಂದಿಯಲ್ಲಿ ಒಣಗಿ ಕುಳಿತಿದ್ದ ಹಿಟ್ಟು ಮಾತ್ರ ಅವಳಿಗೆ ಕಾಣಲಿಲ್ಲ.

ಎರಡು ದಿನದ ಮೇಲೆ ಪೆಟ್ಟಿಗೆ ತೆರೆದರೆ ಬಾಟ್ಲಿಗಳೆಲ್ಲ ಗಂಜಿನೀರಿನ ಹಾಗೆ ಕದಡಿದ್ದವು. ಮದ್ದು ಹಾಕಿದ್ದರಲ್ಲೂ ಕ್ಯಾನ್ಸರ್ ಸತ್ತಿತ್ತು, ಹಾಕದ್ದರಲ್ಲೂ ಸತ್ತಿತ್ತು. ಮೋಹಿನಿ ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊಗ್ಗಿನ ಮೇಲೆ ಮೊಗ್ಗು ಬಿಟ್ಟ ಯೀಸ್ಟ್, ಶೇಂದಿಯಲ್ಲಿದ್ದು ಹಿಟ್ಟು ಉಬ್ಬಿಸುವ ಅದೇ ಜೀವಿ.

"ಹಬ್ಬಕ್ಕೆ ಎಂತ ಮಾಡಿದ್ದಿರಿ, ಗ್ಲ್ಯಾಡಿಸ್?"

"ಸನ್ನ, ಮೇಡಂ."

"ನನಗೆ ನಾಲ್ಕು ತರಬಹುದಿತ್ತು. ಇವಕ್ಕೇ ಎಲ್ಲ ಬಡಿಸಿದಿರಿ." ಮೇಡಂ ಮುಖದಲ್ಲಿ ನಗು ಇರಲಿಲ್ಲ. ಮೂರು ತಿಂಗಳ ಕೆಲಸ ಬ್ಲೀಚಿಂಗ್ ನೀರಿಗೆ ಹೋಯಿತು.

ಗ್ಲ್ಯಾಡಿಸ್ ಬಾಟ್ಲಿಗಳನ್ನು ಸುರಿಯುತ್ತಾ ಅತ್ತಳು. ಕೊನೆಯದನ್ನು ಸುರಿಯುವಾಗ ಅವಳ ಕೈ ನಿಂತಿತು. ಸಂಜೆ ನೇರ ಅಕ್ಕನ ಮನೆಗೆ ಹೋಗಿ, ಅಲ್ಲಿ ಹಬ್ಬಕ್ಕೆ ತಂದು ಉಳಿದಿದ್ದ ಶೇಂದಿಯನ್ನು ಲೋಟಕ್ಕೆ ಬಗ್ಗಿಸಿ ಅವಳ ಮುಂದಿಟ್ಟಳು. ಹುಳಿ ವಾಸನೆ ಕೋಣೆ ತುಂಬಿತು.

"ತಗೋ ಮದ್ದು. ಮೇಡಮ್ಮಿನದಕ್ಕಿಂತ ಜೋರು. ನಾನು ಸಾಕಿದ ಕ್ಯಾನ್ಸರನ್ನೆಲ್ಲ ಇದೇ ಕೊಂದದ್ದು, ನಾನು ಕಣ್ಣಾರೆ ಕಂಡಿದ್ದೇನೆ. ಕುಡಿ, ಆಸ್ಪತ್ರೆ ಬೇಡ."

ಸೆಲೀನ್ ಮೂಗು ಮುಚ್ಚಿಕೊಂಡು, ಕುರ್ಚಿಯಲ್ಲಿದ್ದ ಗಂಡನತ್ತ ಕೈ ತೋರಿಸಿದಳು. "ನಿನಗೆ ಮಂಡೆ ಸಮ ಉಂಟಾ? ಶೇಂದಿ ಕುಡಿದು ಕ್ಯಾನ್ಸರ್ ಗುಣ ಆಗುವುದಾದರೆ ಈ ಮನುಷ್ಯನಿಗೆ ನೂರು ವರ್ಷ ಆಯುಸ್ಸು."

"ಬಾಟ್ಲಿಯಲ್ಲಿ ಸತ್ತದ್ದು ಹೌದಲ್ಲ?"

"ಬಾಟ್ಲಿಯಲ್ಲಿ ಎಂತ ಹಾಕಿದರೂ ಸಾಯುತ್ತದೆ!" ಎಂದ ಸೆಲೀನಳಿಗೆ ತನ್ನ ಮಾತು ತನಗೇ ಕೇಳಿಸಿತು. ಲೋಟವನ್ನು ಆಚೆ ಸರಿಸಿ ಕೇಳಿದಳು, "ಹಾಗಾದರೆ ನಿನ್ನ ಮೇಡಂ ಇಷ್ಟು ವರ್ಷ ಎಂತ ಮಾಡಿದ್ದು?"

"ಕೆಟ್ಟ ಕೋಶ ಸತ್ತು ಒಳ್ಳೆಯದು ಉಳಿಯುವ ಹಾಗೆ ಮಾಡಲು ನೋಡುತ್ತಿದ್ದಾರೆ. ಇನ್ನೂ ಆಗಲಿಲ್ಲ. ನಾನು ಆಯಿತು ಅಂತ ಹೇಳಿಬಿಟ್ಟೆ."

ಆ ಗುರುವಾರ ಸೆಲೀನ್ ಕೀಮೋಗೆ ಹೋದಳು. ಲೋಟದ ಶೇಂದಿ ವ್ಯರ್ಥವಾಗಲಿಲ್ಲ. ಲಿಯೋನೆಲ್ ಭಾವ ಮುಂಜಾಗ್ರತೆಗೆಂದು ಅದನ್ನು ಕುಡಿದ. ಪ್ರಯೋಗಾಲಯದ ಫಲಿತಾಂಶಕ್ಕೆ ಆ ಮನೆಯಲ್ಲಿ ಕೊನೆತನಕ ನಿಷ್ಠನಾಗಿ ಉಳಿದವನು ಅವನೊಬ್ಬನೇ.

ಸೆಲೀನಳ ಕೂದಲು ಉದುರಿತು, ವಾಂತಿಯಾಯಿತು, ಬೈಗುಳಕ್ಕೂ ಕಡಿಮೆಯಿರಲಿಲ್ಲ. ಮರುವರ್ಷ ತಪಾಸಣೆಯಲ್ಲಿ ಏನೂ ಕಾಣಲಿಲ್ಲ. ಕೂದಲು ಗುಂಗುರಾಗಿ ಬೆಳೆಯಿತು. ಗ್ಲ್ಯಾಡಿಸ್ ಮೇಡಮ್ಮಿಗೆ ಸನ್ನ ಕೊಂಡುಹೋದಾಗ ಈ ಸುದ್ದಿ ಹೇಳಿದಳು. ಮೇಡಂ ತಿನ್ನುತ್ತಲೇ ಅಂದರು: "ಆ ಹಳೆಯ ಕೀಮೋ ಮದ್ದೂ ಹೆಚ್ಚಾಗಿ ನಮ್ಮ ದಾರಿಯಲ್ಲೇ ಕೊಲ್ಲುವುದು. ಮೊದಲು ಕೋಶವನ್ನು ಕೆಡಿಸುತ್ತದೆ, ಆಮೇಲೆ ಸಾಯುವ ಅಪ್ಪಣೆ ಅದೇ ಮೈಟೋಕಾಂಡ್ರಿಯಾದಿಂದ. ನಿಮಗೆ ಗೊತ್ತಿರಲಿಲ್ವಾ?"

ಗ್ಲ್ಯಾಡಿಸಳಿಗೆ ಗೊತ್ತಿರಲಿಲ್ಲ. ಸಂಜೆ ಅಕ್ಕನಿಗೆ ಹೇಳಿದಳು. ಸೆಲೀನ್ ಹೊಸ ಗುಂಗುರು ಬಾಚುತ್ತಾ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

"ಇದನ್ನು ಅವತ್ತು ಊಟದಲ್ಲೇ ಹೇಳುತ್ತಿದ್ದರೆ ನಾನು ಮೊದಲ ದಿನವೇ ಹೋಗುತ್ತಿದ್ದೆ ಅಲ್ವಾ?"